ದೊನ್ಕಾಳ ಪತ್ರಗಳನ್ನು ಬಿಟ್ಟು

ಫೆಬ್ರವರಿ 9, ಗುರುವಾರ

ಬೆಳಿಗ್ಗೆ ಪಕ್ಕದ ಮನೆಯ ಸೆವ್ದಜ್ಜಿ ಬಂದಿದ್ದಳು. ಬಾಗಿಲು ತಟ್ಟುವ ಅಭ್ಯಾಸ ಅವಳಿಗಿಲ್ಲ, ಕೂರಲು ಹೇಳಿಸಿಕೊಳ್ಳುವ ಅಭ್ಯಾಸವೂ ಇಲ್ಲ. ಇವತ್ತು ಮಾತ್ರ ಒಲೆಯ ಪಕ್ಕ ನಿಂತೇ ಇದ್ದಳು, ತಲೆವಸ್ತ್ರದ ಗಂಟನ್ನೂ ಸಡಿಲಿಸಲಿಲ್ಲ. ಎಂಬತ್ತು ದಾಟಿದ ಹೆಂಗಸು ಹೀಗೆ ನಿಂತರೆ ಯಾರೋ ಹೋಗಿರಬೇಕು ಎಂದುಕೊಂಡೆ.

“ಅಳಿಯಾ, ನಿಂಗೊಂದು ವಿಷ್ಯ ಹೇಳ್ಬೇಕು. ಹೇಳೋದೇ ಬೇಡ ಅಂತಿದ್ದೆ, ತಡ್ಕೊಳಕ್ಕಾಗ್ತಿಲ್ಲ,” ಎಂದಳು. “ದೊನ್ಕಾದು ನಲವತ್ತನೇ ದಿನದ ಊಟ ಆಯ್ತಲ್ಲ, ಅವತ್ತು ನಾವೆಲ್ಲ ಕೂತ್ಕೊಂಡು ತಿಂದಿದ್ದು ನನ್ನ ಬಿತ್ತನೆ ಕಾಳು.”

ನನ್ನ ಹೆಂಡತಿ ತೀರಿಕೊಂಡ ನಲವತ್ತನೇ ದಿನ ಶುಕ್ರವಾರ ಬಿದ್ದಿತ್ತು. ಉಪವಾಸದ ದಿನ ಮಾಂಸ ಮಾಡುವಂತಿಲ್ಲ, ಹಾಗಾಗಿ ಹಂಡೆ ತುಂಬ ಬೀನ್ಸ್ ಕಾಳಿನ ಸಾರು. ಅಜ್ಜಿ ಈರುಳ್ಳಿ ಹೆಚ್ಚುತ್ತಿದ್ದಳಂತೆ. ಕಾಳು ತರಲು ತನ್ನ ಮನೆಯ ನೆಲಮಾಳಿಗೆಯ ಬೀಗದ ಕೈಯನ್ನು ಅಂಗಡಿ ರುಸಿಯ ಹೆಂಡತಿ ಗಾನಾಗೆ ಕೊಟ್ಟಳಂತೆ. ಅಲ್ಲಿ ಎರಡು ಚೀಲ. ಒಂದರಲ್ಲಿ ಪೇಟೆಯಿಂದ ತಂದ ಬಿಳಿ ಕಾಳು, ಇನ್ನೊಂದರಲ್ಲಿ ಅಜ್ಜಿಯ ಸ್ವಂತ ಬೀಜ. ಗಾನಾ ಬೇರೆ ಊರಿನಿಂದ ಬಂದ ಹುಡುಗಿ. ಸತ್ತವರ ಹೆಸರಿನ ಊಟಕ್ಕೆ ಒಳ್ಳೆಯದನ್ನೇ ಬಡಿಸಬೇಕೆಂದು ಚೆಂದ ಕಂಡ ಚೀಲವನ್ನು ಎತ್ತಿಕೊಂಡು ಬಂದಳು.

ಆ ಕಾಳನ್ನು ಊರಲ್ಲಿ ಪಾದ್ರಿ ಕಾಳು ಎನ್ನುತ್ತಾರೆ. ಮೈಯೆಲ್ಲ ಕಪ್ಪು, ಮುಂದೆ ಗಡ್ಡದ ಹಾಗೆ ಒಂದು ಬಿಳಿ ಮಚ್ಚೆ. ಅಜ್ಜಿಯ ಅಜ್ಜಿಯ ಕಾಲದಿಂದ ನಮ್ಮೂರು ವ್ರಬೀನಾದಲ್ಲಿ ಬೆಳೆದದ್ದು. ಉಳಿದವರೆಲ್ಲ ಬಿಟ್ಟುಬಿಟ್ಟಿದ್ದರು, ಇವಳೊಬ್ಬಳು ಹಟ ಹಿಡಿದು ಉಳಿಸಿಕೊಂಡಿದ್ದಳು. ಹೋದ ವರ್ಷ ಆಲಿಕಲ್ಲು ಬಿದ್ದು ಬಿತ್ತನೆಗೆ ಬೇಕಾದಷ್ಟು ಮಾತ್ರ ಉಳಿದಿತ್ತು.

“ತಟ್ಟೆಗೆ ಬಿದ್ದ ಕೂಡ್ಲೇ ಗೊತ್ತಾಯ್ತು,” ಎಂದಳು.

“ಗೊತ್ತಾದ್ಮೇಲೂ ತಿಂದ್ರಾ?”

“ತಿನ್ನದೆ? ದೊನ್ಕಾ ಹೆಸರಲ್ಲಿ ಬಡಿಸಿದ್ದನ್ನ ಬಿಡಕ್ಕಾಗತ್ತೇನೋ? ಇನ್ನೊಂದ್ಸಲ ಹಾಕಿಸ್ಕೊಂಡೆ.”

ನಾನು ಅವತ್ತು ಏನು ತಿಂದೆನೋ ನೆನಪಿಲ್ಲ.

ಅಜ್ಜಿ ಬಂದ ಕಾರಣ ಆಮೇಲೆ ಹೊರಬಿತ್ತು. ಎಷ್ಟೋ ವರ್ಷದ ಹಿಂದೆ ಬೀಜ ಭಂಡಾರದವರು ಜೀಪಿನಲ್ಲಿ ಬಂದು ಅವಳಿಂದ ಒಂದು ಬೊಗಸೆ ಪಾದ್ರಿ ಕಾಳು ತೆಗೆದುಕೊಂಡು ಹೋಗಿದ್ದರು. ತಣ್ಣಗಿನ ಕೋಣೆಯಲ್ಲಿ ಕಾಪಾಡುತ್ತೇವೆ ಎಂದಿದ್ದರು. ಆಮೇಲೆ ಅವರಿಂದ ಒಂದು ಈಮೇಲ್ ಬಂದಿತ್ತು. ಆಗ ಊರಿನಲ್ಲಿ ಕಂಪ್ಯೂಟರ್ ಇದ್ದದ್ದು ನಮ್ಮ ಮನೆಯಲ್ಲಿ ಮತ್ತು ನನ್ನ ಹೆಂಡತಿ ನರ್ಸ್ ಆಗಿದ್ದ ಆಸ್ಪತ್ರೆಯಲ್ಲಿ ಮಾತ್ರ. ಊರಿನ ಪತ್ರಗಳೆಲ್ಲ ನನ್ನ ವಿಳಾಸಕ್ಕೇ ಬರುತ್ತಿದ್ದವು.

ಹುಡುಕಿಕೊಡುತ್ತೇನೆ ಎಂದೆ. ಈಸ್ಟರ್ ಹೊತ್ತಿಗೆ ಪ್ಲೊವ್ದಿವ್‌ನ ನನ್ನ ತಂಗಿ ಲಿಲ್ಯಾನಾಳ ಮನೆಗೆ ಊರು ಬಿಟ್ಟು ಹೋಗಿಬಿಡುವುದೆಂದು ಆಗಲೇ ನಿಶ್ಚಯವಾಗಿದೆ. ಮನೆಅಳಿಯ ಎಂದು ಈ ಊರು ನನ್ನನ್ನು ಇಪ್ಪತ್ತು ವರ್ಷ ಆಡಿಕೊಂಡಿತು. ಹೆಂಡತಿಯೇ ಇಲ್ಲದ ಮೇಲೆ ಇಲ್ಲಿ ನಾನು ಯಾವ ಅಳಿಯ? ಆದರೆ ನಮ್ಮ ಮನೆಯ ಊಟ ಮುಗಿಸಿದ ಬೀಜವನ್ನು ಹಾಗೇ ಬಿಟ್ಟು ಹೋಗುವುದು ಸರಿಯಲ್ಲ.

ಫೆಬ್ರವರಿ 11, ಶನಿವಾರ

ನಿನ್ನೆ ಬೀಜ ಭಂಡಾರಕ್ಕೆ ಫೋನ್ ಮಾಡಿದೆ. ಡಾಕ್ಟರ್ ಇಲಿಯೇವಾ ಎಂಬ ಹೆಂಗಸು ಸಿಕ್ಕಳು, ಒಳ್ಳೆಯವಳು. ನಮ್ಮ ಬೆಟ್ಟಗಳಿಂದ ತಂದ ಕಪ್ಪು ಕಾಳಿನ ಮಾದರಿಗಳೇ ಅವರಲ್ಲಿ ನೂರಾರು ಇವೆಯಂತೆ. ಹಳೆಯವಕ್ಕೆ ಕೊಟ್ಟವರ ಹೆಸರಿಲ್ಲ, ಬರೀ ಸಂಖ್ಯೆ. ಆಗ ಕಳಿಸಿದ ಈಮೇಲಿನಲ್ಲಿ ಆ ಸಂಖ್ಯೆ ಇದ್ದೇ ಇರುತ್ತದೆ ಎಂದಳು. ಮಾರ್ಚ್ ಮುಗಿಯುವುದರೊಳಗೆ ತಿಳಿಸಿದರೆ ಈ ವಸಂತಕ್ಕೆ ಕೊಡಬಹುದು.

ಇದು ನನಗೆ ಯಾವ ಮಹಾ ಕೆಲಸ. ಜೀವಮಾನವೆಲ್ಲ, ಈ ಊರಿಗೆ ಬಂದ ಮೇಲೂ ಮನೆಯಿಂದಲೇ, ವಿಶ್ವವಿದ್ಯಾಲಯದ ಕಂಪ್ಯೂಟರ್ ಸರ್ವರುಗಳನ್ನು ಕಾದವನು. ನನಗೆ ಬಂದ ಒಂದು ಈಮೇಲನ್ನೂ ಅಳಿಸಿದವನಲ್ಲ. ಒಂದೊಂದೂ ಒಂದೊಂದು ಕಡತವಾಗಿ ನನ್ನ ಡಿಸ್ಕಿನಲ್ಲಿದೆ. ಗುಂಡಿ, ಚಿತ್ರ, ಜಾಹೀರಾತು ಏನೂ ಇಲ್ಲದ ಕಪ್ಪು ಪರದೆ. ಬೇಕಾದದ್ದನ್ನು ಒಂದು ಸಾಲಿನಲ್ಲಿ ಟೈಪ್ ಮಾಡಿ ಕೇಳಿದರೆ ಮುಗಿಯಿತು.

ಕೇಳಿದೆ. ‘ಕಾಳು’ ಎಂಬ ಪದವೇ ಯಾವ ಪತ್ರದಲ್ಲೂ ಇಲ್ಲವೆಂದಿತು! ಒಂದು ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ನಮ್ಮ ಲಿಪಿಯ ಪತ್ರಗಳು ಡಿಸ್ಕಿನಲ್ಲಿ ನಮ್ಮ ಲಿಪಿಯಲ್ಲಿ ಇರುವುದಿಲ್ಲ. ದಾರಿಯಲ್ಲಿ ಕೆಡದಿರಲೆಂದು ಅವನ್ನು ಇಂಗ್ಲಿಷ್ ಅಕ್ಷರಗಳ ಗಂಟು ಕಟ್ಟಿ ಕಳಿಸುತ್ತಾರೆ. ಗಂಟು ಬಿಚ್ಚದೆ ಕಡತಗಳನ್ನು ಜಾಲಾಡಿದರೆ ಏನು ಸಿಗುತ್ತದೆ? ಹೊಸದಾಗಿ ಕೆಲಸಕ್ಕೆ ಸೇರಿದವರು ಈ ತಪ್ಪು ಮಾಡಿದಾಗ ನಾನು ಬೈಯುತ್ತಿದ್ದೆ. ತಲೆ ಎಲ್ಲಿಟ್ಟುಕೊಂಡಿದ್ದೇನೋ ಈಗೀಗ.

ಗಂಟು ಬಿಚ್ಚಿ ಓದುವ ಹುಡುಕಾಟದ ಪ್ರೋಗ್ರಾಮನ್ನು ಹಾಕಿಕೊಂಡು ಮತ್ತೆ ಕೇಳಿದೆ. ‘ಪಾದ್ರಿ’ ಎಂದರೆ ಚರ್ಚಿನ ಗಂಟೆಯ ಬಗ್ಗೆ ಊರವರು ಬಿಷಪ್ಪರಿಗೆ ಬರೆಸಿದ ದೂರುಗಳು ಬಂದವು. ‘ಕಾಳು’ ಎಂದರೆ ಪರದೆ ತುಂಬಿ ಹರಿಯಿತು. ಹೆಚ್ಚಿನವು ನನ್ನ ಹೆಂಡತಿಯವು. ಆಸ್ಪತ್ರೆಯಿಂದ ದಿನವೂ ಬರೆಯುತ್ತಿದ್ದಳು, ಕಾಳು ನೆನೆಹಾಕು, ಬ್ರೆಡ್ ತಾ, ಅಂಥವು. ಈ ಕೆಲಸಕ್ಕೆ ಅವುಗಳಿಂದ ಉಪಯೋಗವಿಲ್ಲ. ಆಜ್ಞೆಯ ಕೊನೆಗೆ ಒಂದು ಷರತ್ತು ಸೇರಿಸಿದೆ: ಅವಳಿಂದ ಬಂದವನ್ನು ಬಿಟ್ಟು. ಪರದೆ ಹಗುರವಾಯಿತು. ಸಮಯ ಉಳಿಯುತ್ತದೆ.

ಫೆಬ್ರವರಿ 14, ಮಂಗಳವಾರ

ಸಂತ ತ್ರಿಫೊನನ ದಿನ. ಎಲ್ಲರೂ ದ್ರಾಕ್ಷಿ ಬಳ್ಳಿ ಸವರಿ ಬುಡಕ್ಕೆ ವೈನ್ ಸುರಿದು, ಉಳಿದದ್ದನ್ನು ತಮ್ಮ ಗಂಟಲಿಗೆ ಸುರಿದುಕೊಂಡಿದ್ದರು. ನಾನು ಉಪ್ಪಿಗೆಂದು ರುಸಿಯ ಅಂಗಡಿಗೆ ಹೋಗಿ ಸಿಕ್ಕಿಬಿದ್ದೆ.

“ಬಾರಯ್ಯ ಜಹಾರಿ,” ಎಂದ ರುಸಿ. “ಇಡೀ ಊರಿನ ಗುಟ್ಟೆಲ್ಲ ನಿನ್ ಡಬ್ಬೀಲಿದೆ ಅಂತ ಹೆದರ್ಕೊಂಡಿದ್ವಿ. ಒಂದು ಕಾಳು ಹುಡ್ಕಕ್ಕಾಗ್ಲಿಲ್ವಾ?”

“ನೀನು ಬಿಷಪ್ಪರಿಗೆ ಬರೆಸಿದ ದೂರು ಸಿಕ್ತು. ಓದ್ಲಾ?”

ಎಲ್ಲರೂ ನಕ್ಕರು. ರುಸಿ ನಗುತ್ತಲೇ ನನ್ನನ್ನು ಪಕ್ಕಕ್ಕೆ ಎಳೆದ. “ತಮಾಷೆ ಬಿಡು. ಬೇಗ ಹುಡ್ಕಪ್ಪಾ. ಗಾನಾ ಊಟ ಸರಿಯಾಗಿ ಮಾಡ್ತಿಲ್ಲ. ಸೆವ್ದಜ್ಜಿ ಒಂದು ಮಾತು ಬೈದಿದ್ರೆ ಆಗಿರೋದು, ಬೈಲೇ ಇಲ್ಲ. ಎದುರಿಗೆ ಸಿಕ್ರೆ ಕೆನ್ನೆ ಸವರ್ತಾಳೆ, ಇವಳು ಓಡಿ ಬರ್ತಾಳೆ. ಅದನ್ನ ಹೆಂಗೆ ತಡ್ಕೊಳೋದು ಹೇಳು?”

‘ಬೀಜ’, ‘ಜೀಪು’, ‘ಮಾದರಿ’, ‘ಧನ್ಯವಾದ’ ಎಲ್ಲ ನೋಡಿಯಾಯಿತು. ಬಾಣದ ಗುಂಡಿ ಒತ್ತಿ ಹಿಂದಿನ ಆಜ್ಞೆಯನ್ನೇ ಕರೆದು ಮೊದಲ ಪದ ಮಾತ್ರ ಬದಲಿಸುತ್ತೇನೆ, ಕೊನೆಯ ಷರತ್ತಿನ ಬಾಲ ಹಾಗೇ ಇರುತ್ತದೆ. ಸಿಗಲಿಲ್ಲ.

ಮಾರ್ಚ್ 1, ಬುಧವಾರ

ಸೆವ್ದಜ್ಜಿ ವಸಂತದ ಶುಭಕ್ಕೆ ಕಟ್ಟುವ ಕೆಂಪು ಬಿಳಿ ದಾರದ ಮಾರ್ತೆನಿತ್ಸಾ ತಂದು ಕೈಗೆ ಕಟ್ಟಿದಳು. ಸಾವಾದ ಮನೆ, ಬೇಡ ಎಂದೆ. “ವಸಂತ ನಿನ್ನ ಕೇಳ್ಕೊಂಡು ಬರತ್ತೇನೋ?” ಎಂದು ಗಂಟು ಬಿಗಿದಳು.

ವರ್ಷ ಹಿಡಿದು ಹುಡುಕಿದೆ. ಅಜ್ಜಿಗೆ ಆ ವರ್ಷ ನೆನಪಿಲ್ಲ, ಆದರೆ ಜೀಪಿನವರಿಗೆ ಅವಳ ಕಂದು ಹಸುವಿನ ಮೊಸರು ಕೊಟ್ಟದ್ದು ನೆನಪಿದೆ. ಆ ಹಸು ಎಂದು ಸತ್ತಿತೆಂಬುದು ಇಡೀ ಊರಿಗೆ ಗೊತ್ತು. ಆ ನಾಲ್ಕೈದು ವರ್ಷದ ಪತ್ರಗಳನ್ನೆಲ್ಲ ತೆಗೆದು ನೋಡಿದೆ, ಯಥಾಪ್ರಕಾರ ಹೆಂಡತಿಯವನ್ನು ಬಿಟ್ಟು. ಬೀಜ ಭಂಡಾರದ ಹೆಸರೇ ಇಲ್ಲ. ಅವರು ಕಳಿಸಲೇ ಇಲ್ಲವೇನೋ.

ಮಾರ್ಚ್ 5, ಭಾನುವಾರ

ಹಿಮ. ಏನೂ ಸಿಗಲಿಲ್ಲ.

ಮಾರ್ಚ್ 9, ಗುರುವಾರ

ತಿಂಡಿಯಾದ ಮೇಲೆ ಅಜ್ಜಿ ಬಂದು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ನಾನು ಹುಡುಕುವುದನ್ನು ನೋಡಬೇಕಂತೆ.

“ಇದ್ರಲ್ಲಿ ಚಿತ್ರ ಬರಲ್ವಾ?”

“ಇಲ್ಲ.”

“ಮತ್ತೆ ದಿನಾ ಕೂತ್ಕೊಂಡು ಏನ್ ನೋಡ್ತೀಯ?”

“ಅಕ್ಷರ.”

ಕನ್ನಡಕ ಹಾಕಿಕೊಂಡು ಪರದೆಯ ಮೇಲೆ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದಳು. ನನಗೆ ಪರದೆ ಮುಟ್ಟಿದರೆ ಆಗುವುದಿಲ್ಲ, ತಡೆದುಕೊಂಡೆ.

“ಕಾಳು ಅಂತಿದೆ, ಗೊತ್ತಾಯ್ತು. ಕೊನೇಲಿ ದೊನ್ಕಾ ಅಂತಿದೆಯಲ್ಲೋ. ದೊನ್ಕಾನ ಕೇಳ್ತಿದೀಯಾ?”

“ಇಲ್ಲಜ್ಜಿ. ಅವಳು ಬರೆದಿದ್ದು ಬೇಡ ಅಂತ ಹೇಳೋದು ಅದು.”

“ಯಾರಿಗೆ ಹೇಳೋದು?”

“ಮಿಷಿನ್ನಿಗೆ.”

ಅಜ್ಜಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. “ಮಿಷಿನ್ನಿಗೆ ಅವಳೇನ್ ಮಾಡಿದ್ಲಪ್ಪಾ?”

ಅವಳ ಪತ್ರಗಳು ಸಾವಿರಾರು ಇವೆ, ಎಲ್ಲ ಬ್ರೆಡ್ಡು ಹಾಲಿನ ವಿಷಯ, ನಡುವೆ ಬಂದು ಅಡ್ಡಿಯಾಗುತ್ತವೆ, ಸಮಯ ಉಳಿಸಲು ಹೀಗೆ ಮಾಡುತ್ತಾರೆ ಎಂದು ವಿವರಿಸಿದೆ. ಚೆನ್ನಾಗಿಯೇ ವಿವರಿಸಿದೆ.

“ಉಳಿಸಿ ಏನ್ ಮಾಡ್ತೀಯ ಆ ಸಮಯಾನ?” ಎಂದಳು. ಉತ್ತರಕ್ಕೆ ಕಾಯದೆ ಎದ್ದು ಹೋದಳು. ಹೋಗುವಾಗ ಒಲೆಯ ಮೇಲೆ ಬಟ್ಟೆ ಮುಚ್ಚಿದ ಬಾನಿತ್ಸಾ ಪದರರೊಟ್ಟಿಯ ತಟ್ಟೆ ಇಟ್ಟಿದ್ದಳು.

ಎಂಬತ್ತು ವರ್ಷದ ಹೆಂಗಸಿಗೆ ಹುಡುಕುವ ವಿಧಾನ ಏನು ಗೊತ್ತು. ಮೈಯೆಲ್ಲ ಉರಿದುಹೋಯಿತು ನನಗೆ.

ಮಾರ್ಚ್ 10, ಶುಕ್ರವಾರ

ಹುಡುಕಲಿಲ್ಲ. ಕಟ್ಟಿಗೆ ಒಡೆದೆ.

ಮಾರ್ಚ್ 11, ಶನಿವಾರ

ಕಟ್ಟಿಗೆ ಒಡೆದೆ. ಈ ಚಳಿಗಾಲಕ್ಕೆ ಇಷ್ಟು ಬೇಕಿಲ್ಲ, ಮುಂದಿನದಕ್ಕೂ ಆದೀತು.

ಮಾರ್ಚ್ 12, ಭಾನುವಾರ

ಬೆಳಿಗ್ಗೆ ಕಾಫಿ ಮಾಡಿಕೊಂಡು ಕೂತು ಆ ಬಾಲವನ್ನು ಅಳಿಸಿದೆ. ಅಳಿಸಿ ಗುಂಡಿ ಒತ್ತಿದ ಮೇಲೆ ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ಏನೂ ಕೆಲಸವಿರಲಿಲ್ಲ. ತಿರುಗಿ ಬಂದಾಗ ಪರದೆಯ ತುಂಬ ಒಂದೇ ಹೆಸರು, ಮೇಲಿಂದ ಕೆಳಗಿನವರೆಗೆ. ದೊನ್ಕಾ, ದೊನ್ಕಾ, ದೊನ್ಕಾ.

ಇವತ್ತು ಬೀನ್ಸ್ ಕಾಳಿನ ಕೆಲಸ ಆಗಲಿಲ್ಲವೆಂದು ಮೊದಲೇ ಬರೆದುಬಿಡುತ್ತೇನೆ. ಒಂದು ತೆರೆದೆ, ಇನ್ನೊಂದು ತೆರೆದೆ, ಸಂಜೆಯಾಯಿತು.

ಬ್ರೆಡ್ಡು ಹಾಲಿನ ಪತ್ರಗಳು ಎಂದು ನಾನು ಹೇಳಿದ್ದು ಸುಳ್ಳಲ್ಲ. “ಬ್ರೆಡ್ ತಾ. ರುಸಿ ನಿನ್ನೆಯದು ಕೊಟ್ಟರೆ ಅವನ ಮೂಗಿಗೇ ತಿರುಗಿಸಿ ಎಸೆದು ಬಾ.” “ಕಾಳು ನೆನೆಹಾಕು. ಬರೀ ನೀರಲ್ಲಿ ಸಾಕು, ನಿನ್ನ ವಿಜ್ಞಾನ ಬೇಡ.” “ಪೆಯೊ ಮುದುಕನಿಗೆ ಇಂಜೆಕ್ಷನ್ ಎಂದರೆ ನಿನ್ನಷ್ಟೇ ಧೈರ್ಯ, ಮೂರು ಜನ ಹಿಡಿದುಕೊಂಡೆವು.” “ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದಂತೆ, ಟೊಮೆಟೊ ಸಸಿ ಮುಚ್ಚು. ಮರೆತರೆ ನಾನು ಮನೆಗೆ ಬರುವುದಿಲ್ಲ, ಇಲ್ಲೇ ಆಸ್ಪತ್ರೆಯಲ್ಲಿ ಮಲಗುತ್ತೇನೆ.” ನಾನು ಅದಕ್ಕೆ ಬರೆದ ಉತ್ತರವೂ ಇದೆ: “ಮುಚ್ಚಿದೆ. ಬಾ.”

ನಗು ಬಂತು, ಜೋರಾಗಿಯೇ ನಕ್ಕೆ. ಮನೆಯಲ್ಲಿ ನಗು ಕೇಳಿಸಿ ಬೆಕ್ಕು ತಲೆ ಎತ್ತಿ ನೋಡಿತು. ಆಮೇಲೆ ಅಳು ಬಂತು. ಅವಳು ತೀರಿಕೊಂಡ ಡಿಸೆಂಬರಿನಿಂದ ಬರದಿದ್ದದ್ದು, ಬಂದದ್ದು ನಿಲ್ಲಲಿಲ್ಲ. ಅಜ್ಜಿಯ ಬಾನಿತ್ಸಾ ಇನ್ನೂ ಉಳಿದಿತ್ತು, ಬಿಸಿ ಮಾಡಿ ಪೂರ್ತಿ ತಿಂದೆ.

ಮಾರ್ಚ್ 13, ಸೋಮವಾರ

ಸಿಕ್ಕಿತು.

ಬೀಜ ಭಂಡಾರದವರು ಬರೆದದ್ದು ನನಗಲ್ಲ, ಆಸ್ಪತ್ರೆಯ ವಿಳಾಸಕ್ಕೆ. ಜೀಪಿನವರನ್ನು ಸೆವ್ದಜ್ಜಿಯ ಮನೆಗೆ ಕರೆದುಕೊಂಡು ಹೋದವಳು ದೊನ್ಕಾಳೇ. ಅವಳು ಅದನ್ನು ನನಗೆ ಫಾರ್ವರ್ಡ್ ಮಾಡಿದ್ದಳು, ಹಾಗಾಗಿ ಅದು ಅವಳ ಹೆಸರಿನಲ್ಲಿ ಬಂದು ನನ್ನ ಪೆಟ್ಟಿಗೆಯಲ್ಲಿ ಕೂತಿತ್ತು. ಒಂದು ತಿಂಗಳಿನಿಂದ ನಾನು ಅದನ್ನೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹುಡುಕಿದ್ದೆ. ಮಾದರಿಯ ಸಂಖ್ಯೆ ಇದೆ, ವ್ರಬೀನಾದ ಹೆಸರಿದೆ, ಕೊಟ್ಟವರು ಸೆವ್ದಾ ಎಂದೂ ಇದೆ. ಎಲ್ಲಕ್ಕಿಂತ ಮೇಲೆ ದೊನ್ಕಾ ಬರೆದ ಒಂದು ಸಾಲು:

“ಇದನ್ನು ನೀನು ಇಟ್ಟುಕೊಂಡಿರು. ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ, ನಿನ್ನ ಕೈಯಲ್ಲಿ ಏನೂ ಕಳೆಯುವುದಿಲ್ಲ.”

ಡಾಕ್ಟರ್ ಇಲಿಯೇವಾಗೆ ಸಂಖ್ಯೆ ಕಳಿಸಿ, ಕೋಟನ್ನೂ ಹಾಕಿಕೊಳ್ಳದೆ ಅಜ್ಜಿಯ ಮನೆಗೆ ಓಡಿದೆ. ಸೆವ್ದಜ್ಜಿ ಶಿಲುಬೆಯ ಗುರುತು ಹಾಕಿಕೊಂಡಳು.

“ನೋಡ್ದಾ? ಹೋದ್ಮೇಲೂ ನಮ್ ಕೆಲ್ಸ ಮಾಡ್ಕೊಡ್ತಿದಾಳೆ,” ಎಂದಳು. ಬೇಡ ಎನ್ನುವ ಬಾಲದ ಬಗ್ಗೆ ಕೇಳಲೇ ಇಲ್ಲ. ಕೋಟಿಲ್ಲದೆ ಬಂದದ್ದಕ್ಕೆ ಮಾತ್ರ ಚೆನ್ನಾಗಿ ಬೈದಳು.

ಮಾರ್ಚ್ 21, ಮಂಗಳವಾರ

ಇಲಿಯೇವಾಳ ಉತ್ತರ ಬಂತು. ಮಾದರಿ ಸಿಕ್ಕಿದೆ, ಆದರೆ ಅದು ಹಳೆಯದು, ನಡುವೆ ಹೊಸದಾಗಿ ಬೆಳೆದು ಇಟ್ಟದ್ದಲ್ಲ. ಅರ್ಧ ನಮಗೆ ಕಳಿಸುತ್ತಾಳೆ, ಉಳಿದರ್ಧ ಅಲ್ಲೇ ಇರಬೇಕು. ಜೀವ ಉಳಿದಿದೆಯೋ ಇಲ್ಲವೋ ಹೇಳಲಾರೆ, ಮೊಳೆಯದಿದ್ದರೆ ಮತ್ತೊಮ್ಮೆ ಕೊಡಲಾಗುವುದಿಲ್ಲ ಎಂದು ಬರೆದಿದ್ದಾಳೆ.

ಅಜ್ಜಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ದೊನ್ಕಾ ಆಗಿದ್ದರೆ ಹೇಳುತ್ತಿದ್ದಳು. ರೋಗಿಗಳಿಗೂ ಅವಳು ನಿಜವನ್ನೇ ಹೇಳುತ್ತಿದ್ದಳು, ಹೇಳಿ ಪಕ್ಕದಲ್ಲೇ ಕೂರುತ್ತಿದ್ದಳು. ನಾನೂ ಹೇಳಿದೆ, ಕೂತೆ.

ಏಪ್ರಿಲ್ 12, ಬುಧವಾರ

ಪೊಟ್ಟಣ ಬಂತು. ಬೊಗಸೆಯೂ ತುಂಬದಷ್ಟು ಕಾಳು, ಕಪ್ಪು ಮೈ, ಬಿಳಿ ಗಡ್ಡ. ಸೆವ್ದಜ್ಜಿ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು “ಬಂದ್ರಾ ಸ್ವಾಮಿ?” ಎಂದಳು. ಗಾನಾ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬರಲಿಲ್ಲ.

ಎಲ್ಲವನ್ನೂ ತನ್ನ ತೋಟದಲ್ಲೇ ಬಿತ್ತುತ್ತೇನೆ ಎಂದು ಅಜ್ಜಿ ಹೊರಟಳು. ನಾನು ಬಿಡಲಿಲ್ಲ. ಬದುಕೆಲ್ಲ ನಾನು ಮಾಡಿದ ಕೆಲಸ ಅದೊಂದೇ, ಬೆಲೆಬಾಳುವುದು ಯಾವುದೂ ಒಂದೇ ಜಾಗದಲ್ಲಿ ಇರದಂತೆ ನೋಡಿಕೊಳ್ಳುವುದು. “ಅಜ್ಜಿ, ಒಂದೇ ಮನೇಲಿಟ್ರೆ ಒಂದೇ ಊಟಕ್ಕೆ ಮುಗಿದೋಗತ್ತೆ. ನೋಡಿದೀವಲ್ಲ,” ಎಂದೆ. ಎಂದ ಮೇಲೆ ಗಾನಾ ಅಲ್ಲೇ ಇದ್ದಾಳೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

ಅಜ್ಜಿ ಪೊಟ್ಟಣವನ್ನು ಮೇಜಿನ ಮೇಲೆ ಸುರಿದಳು. ಆಮೇಲೆ ಕಾಳನ್ನು ಮೂರು ಗುಡ್ಡೆ ಮಾಡಿದಳು. “ಒಂದು ನಂಗೆ. ಒಂದು ಅಳಿಯಂಗೆ. ಇದು ನಿಂದು, ಬಾರೇ ಈಕಡೆ.” ಗಾನಾ ಅಳುತ್ತ ಏಪ್ರನ್ ಚಾಚಿದಳು. “ಅತ್ತು ಒದ್ದೆ ಮಾಡ್ಬೇಡ, ಈಗ್ಲೇ ಮೊಳ್ತುಬಿಡತ್ತೆ,” ಎಂದು ಅಜ್ಜಿ ಗದರಿದಳು.

ಲಿಲ್ಯಾನಾ ಫೋನ್ ಮಾಡಿದ್ದಳು, ಕೋಣೆಗೆ ಸುಣ್ಣ ಹೊಡೆಸಿದ್ದಾಳೆ. ಪಾತಿ ಅಗೆಯುವುದಿದೆ, ಆಮೇಲೆ ಮಾತಾಡೋಣ ಎಂದೆ.

ಮೇ 8, ಸೋಮವಾರ

ಸಂತ ಗೆಯೊರ್ಗಿಯ ಹಬ್ಬ ಕಳೆದು ಮಣ್ಣು ಬೆಚ್ಚಗಾಗಿದೆ. ಮೂರು ಮನೆಯಲ್ಲೂ ಇವತ್ತೇ ಬಿತ್ತಿದೆವು. ಕಾಳಿನ ಕಣ್ಣಿನ ಗುರುತು ಕೆಳಗೆ ಬರಬೇಕಂತೆ, ನಾನು ಇಟ್ಟದ್ದನ್ನೆಲ್ಲ ಅಜ್ಜಿ ಮಂಡಿಯೂರಿ ತಿರುಗಿಸಿಟ್ಟಳು. ನನ್ನ ಸೊಂಟ ಹಿಡಿದುಕೊಂಡಿದೆ.

ಮೇ 19, ಶುಕ್ರವಾರ

ಏನೂ ಮೇಲೆ ಬಂದಿಲ್ಲ. ಮೂರು ಮನೆಯಲ್ಲೂ ಇಲ್ಲ. ಅಜ್ಜಿ ಪಾತಿಯ ಕಡೆ ನೋಡದೆ ಓಡಾಡುತ್ತಾಳೆ. ರುಸಿ ತಮಾಷೆ ಮಾಡುವುದನ್ನು ನಿಲ್ಲಿಸಿದ್ದಾನೆ, ಅದೇ ಹೆಚ್ಚು ಭಯ. ದೊನ್ಕಾ, ನೀನಾಗಿದ್ದರೆ ಬೆರಳಿಂದ ಮಣ್ಣು ಕೆದಕಿ ನೋಡಿಬಿಡುತ್ತಿದ್ದೆ. ನನಗೆ ಕೈ ಬರುತ್ತಿಲ್ಲ. ಮಣ್ಣಿನಡಿ ಏನೂ ಇಲ್ಲದಿದ್ದರೆ ಅಜ್ಜಿಯ ಮುಖ ನೋಡುವುದು ಹೇಗೆ?

ಮೇ 24, ಬುಧವಾರ

ಇವತ್ತು ಅಕ್ಷರಗಳ ಹಬ್ಬ. ಶಾಲೆಯ ಮಕ್ಕಳು ಹೂಮಾಲೆ ಹಿಡಿದು ಮೆರವಣಿಗೆ ಹೊರಟಿದ್ದರು, ಹಿಂದೆ ತುತ್ತೂರಿ, ಡೋಲು. ಆ ಗದ್ದಲದಲ್ಲೂ ಗಾನಾ ಕಿರುಚಿದ್ದು ಕೇಳಿಸಿತು. ಚಪ್ಪಲಿಯನ್ನೂ ಮೆಟ್ಟದೆ ಬೀದಿಯಲ್ಲಿ ಓಡಿ ಬಂದಳು. “ಎದ್ದಿದೆ! ಅಜ್ಜಿ, ಎದ್ದಿದೆ! ಬನ್ನಿ!”

ನಾವೆಲ್ಲ ಅವಳ ಪಾತಿಯ ಸುತ್ತ ನಿಂತೆವು. ಮಣ್ಣು ಬಿರಿದು ಒಂದು ಕಡೆ ಹಸಿರು ಗೂನು ಬೆನ್ನು, ಇನ್ನೊಂದು ಕಡೆ ಎರಡು ಎಲೆ, ಇನ್ನೂ ಕಪ್ಪು ಸಿಪ್ಪೆ ತಲೆಯ ಮೇಲೆ ಹೊತ್ತುಕೊಂಡು. ಎಲ್ಲ ಮೊಳೆತಿಲ್ಲ. ಆದರೆ ನನ್ನದರಲ್ಲೂ ಬಂದಿವೆ, ಅಜ್ಜಿಯದರಲ್ಲಿ ಎಲ್ಲಕ್ಕಿಂತ ಹೆಚ್ಚು. ರುಸಿ ಅಂಗಡಿ ಮುಚ್ಚಿ ಎಲ್ಲರಿಗೂ ಹಣ್ಣಿನ ಸಾರಾಯಿ ರಾಕಿಯಾ ಸುರಿದ. ಸೆವ್ದಜ್ಜಿ ಗಾನಾಳ ಕೆನ್ನೆ ಸವರಿದಳು, ಈ ಸಲ ಗಾನಾ ಓಡಿಹೋಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಇಲ್ಲೇನ್ ನಿಂತಿದೀಯಾ? ಹೋಗಿ ಅವಳಿಗೆ ಹೇಳ್ಬಾರ್ದಾ?” ಎಂದಳು.

ಹೋದೆ. ನಿನ್ನ ಮಣ್ಣಿನ ಮೇಲೆ ವೈನ್ ಸುರಿದು, ಕಲ್ಲಿನ ಪಕ್ಕ ಕೂತು ಬಾಯಿಬಿಟ್ಟು ಹೇಳಿದೆ. ಮೊಳೆತವು ಕಣೇ ದೊನ್ಕಾ. ನಿನ್ನ ಊಟಕ್ಕೆ ಮುಗಿದದ್ದು ನಿನ್ನ ಪತ್ರದಿಂದಲೇ ತಿರುಗಿ ಬಂತು. ಸ್ಮಶಾನದ ಮೇಲಿನ ಮನೆಯವರು ಕೇಳಿಸಿಕೊಂಡರೇನೋ, ಕೇಳಿಸಿಕೊಳ್ಳಲಿ. ಬಹಳ ಹೊತ್ತು ಕೂತಿದ್ದೆ, ಎದ್ದಾಗ ಎದೆ ಹಗುರವಾಗಿತ್ತು.

ಮನೆಗೆ ಬಂದರೆ ರುಸಿ ಬಳ್ಳಿ ಹಬ್ಬಿಸಲು ಕೋಲಿನ ಹೊರೆ ತಂದು ಅಂಗಳದಲ್ಲಿ ಹಾಕಿಹೋಗಿದ್ದಾನೆ. ಎಷ್ಟು ದೂರಕ್ಕೊಂದು ನೆಡಬೇಕು, ಎಷ್ಟು ಆಳ ಹೂಳಬೇಕು, ನನಗೆ ಒಂದೂ ಗೊತ್ತಿಲ್ಲ. ನೀನು ಯಾವಾಗಲೋ ಬರೆದಿದ್ದೆ, ನಾನು ಓದಿ ಮರೆತಿದ್ದೇನೆ. ಅಜ್ಜಿಯನ್ನು ಕೇಳುವುದಿಲ್ಲ. ನಾಳೆ ಬೆಳಿಗ್ಗೆ ಹುಡುಕುತ್ತೇನೆ, ನಿನ್ನ ಪತ್ರಗಳಲ್ಲಿ ಮಾತ್ರ.